ಹಾಲೇಶಪ್ಪನವರ ಹದಿನಾಲ್ಕನೇ ಬಲೂನು

ಹಾಲೇಶಪ್ಪ ಮೇಸ್ತ್ರಿಯವರು ಯಾವ ವಸ್ತುವನ್ನೂ ದೂರದಿಂದ ಬೆರಳು ಮಾಡಿ ತೋರಿಸಿದವರಲ್ಲ. ಎದ್ದು ಹೋಗಿ, ತೋರುಬೆರಳಿನ ತುದಿಯಿಂದ ಅದನ್ನು ಮುಟ್ಟಿ, ಆಮೇಲೆ ಅದರ ಹೆಸರು ಹೇಳುತ್ತಿದ್ದರು. ಚನ್ನಗಿರಿಯ ಸಂತೆಯಲ್ಲಿ ಬದನೆಕಾಯಿ ಬೇಕಾದರೆ ಬದನೆಕಾಯಿ ಮುಟ್ಟುವುದು ಸಹಜ; ಇವರು ಬೇಡವಾದದ್ದನ್ನೂ ಹೋಗಿ ಮುಟ್ಟಿ "ಇದು ಬ್ಯಾಡ" ಅನ್ನುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಶಿವಮೊಗ್ಗದ ಬಸ್ಸು ಯಾವುದೆಂದು ಕೇಳಿದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಬಸ್ಸಿನ ಮೈಮೇಲೆ ಕೈಯಿಡುತ್ತಿದ್ದರು. ಒಮ್ಮೆ ಇವರು ತಲುಪುವಷ್ಟರಲ್ಲಿ ಬಸ್ಸು ಹೊರಟಿತ್ತು. ಹತ್ತು ಹೆಜ್ಜೆ ಓಡಿ, ತಗಡನ್ನು ಮುಟ್ಟಿ, "ಇದೇ" ಎಂದು ಹೇಳಿ ನಿಂತರಂತೆ. ಕೇಳಿದವನಿಗೆ ಬಸ್ಸು ತಪ್ಪಿತು, ಆದರೆ ಯಾವ ಬಸ್ಸು ತಪ್ಪಿತು ಎಂಬುದರಲ್ಲಿ ಡೌಟ್ ಉಳಿಯಲಿಲ್ಲ.

ಮೊದಲ ಸಲ ಹೆಂಡತಿಯೊಡನೆ ನಮ್ಮ ಮನೆಗೆ ಬಂದಾಗ ಆಕೆಯ ಮೊಣಕೈ ಮುಟ್ಟಿ "ಇವರು ನಮ್ಮ ಮನೆಯವರು" ಎಂದರು. ಕೋಣೆಯಲ್ಲಿ ಇದ್ದದ್ದು ನಾವು ಮೂವರೇ. ನಾನು ನಕ್ಕದ್ದನ್ನು ನೋಡಿ ಅವರಿಗೆ ಸ್ವಲ್ಪವೂ ಬೇಸರವಾಗಲಿಲ್ಲ.

"ಮುಟ್ಟದೆ ತೋರ್ಸೋದು ಐತಲ್ರಿ ಅಕ್ಕಾರೆ, ಅದು ಚಾಡಿ," ಅಂದರು.

ಅವರು ನನ್ನ ಬಾಗಿಲಿಗೆ ಬಂದದ್ದಕ್ಕೆ ಕಾರಣ ನನ್ನ ಹಳೆಯ ನೌಕರಿ. ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಮಗೆ ಹ್ಯಾಂಡ್‌ರೈಟಿಂಗ್ ಕಲಿಸಿದ ಸಿಸ್ಟರ್ ಒಬ್ಬರು ಅಕ್ಷರ ಓರೆಯಾದರೆ ಸ್ಕೇಲಿನಿಂದ ಗೆಣ್ಣಿಗೆ ತಟ್ಟಿ, "ಎ ಲೆಟರ್ ಈಸ್ ಎ ಲೇಡಿ, ಶೀ ಡಸ್ ನಾಟ್ ಲೀನ್" ಅನ್ನುತ್ತಿದ್ದರು. ಆ ಒಂದು ಗುಣದ ಬಲದಿಂದ ನನಗೆ ನೀರಾವರಿ ಕಚೇರಿಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಟ್ರೇಸರ್ ಕೆಲಸ ಸಿಕ್ಕಿತು. ಎಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಎಳೆದದ್ದರ ಮೇಲೆ ಮೇಣದ ಬಟ್ಟೆ ಹಾಸಿ, ಇಂಡಿಯನ್ ಇಂಕಿನಲ್ಲಿ ಅದನ್ನೇ ಮತ್ತೆ ಎಳೆಯುವುದು ಟ್ರೇಸರಿನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದೆ. ಸೂಳೆಕೆರೆಯ ತೂಬಿನ ಬಾಗಿಲಿನ ಒಂದೊಂದು ಬೋಲ್ಟೂ ನನ್ನ ಕೈಯಿಂದ ಹಾದುಹೋಗಿದೆ; ಆ ತೂಬನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದು ರಿಟೈರ್ ಆದಮೇಲೆ, ಒಂದು ಪಿಕ್‌ನಿಕ್‌ನಲ್ಲಿ. ಹಳೆಯ ಗೆಳತಿಯನ್ನು ಮೊದಲ ಬಾರಿ ಭೇಟಿಯಾದ ಹಾಗಿತ್ತು. ಕಂಪ್ಯೂಟರ್ ಬಂದಮೇಲೆ ನಮ್ಮ ಸೆಕ್ಷನ್ನಿನ ಬೋರ್ಡುಗಳನ್ನೆಲ್ಲ ಹರಾಜು ಹಾಕಿದರು. ನನ್ನ ಇನ್ಸ್ಟ್ರುಮೆಂಟ್ ಬಾಕ್ಸನ್ನು ನಾನು ಸೀರೆಯ ಸೆರಗಿನಡಿ ಮನೆಗೆ ತಂದೆ. ಐ ಮಸ್ಟ್ ಕನ್ಫೆಸ್, ಅದು ನನ್ನದಾಗಿರಲಿಲ್ಲ.

ಹಾಲೇಶಪ್ಪನವರ ವರ್ಕ್‌ಶಾಪು ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ಶೆಡ್ಡು. ಅಡಿಕೆಯ ಊರಿನಲ್ಲಿದ್ದುಕೊಂಡು ಅವರು ಮಾಡುತ್ತಿದ್ದದ್ದು ಮೆಕ್ಕೆಜೋಳದ ಮಿಷನ್ನು. ಅದನ್ನು ಟ್ರ್ಯಾಕ್ಟರಿಗೆ ಜೋಡಿಸಿ ಮೇಲಿನ ಬಾಯಿಗೆ ತೆನೆ ಸುರಿದರೆ ಒಳಗೆ ಹಲ್ಲುಗಳಿರುವ ಡ್ರಮ್ಮು ತಿರುಗಿ ಕಾಳು ಬಿಡಿಸುತ್ತದೆ. ಕೆಳಗಿನ ಜರಡಿ ಖಾಲಿ ತೆನೆಯ ಬೆಂಡನ್ನು ತಡೆಯುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿರುವ ಫ್ಯಾನು ಹೊಟ್ಟನ್ನು ಆಚೆಗೆ ಊದುತ್ತದೆ. ಶುದ್ಧ ಕಾಳು ಒಂದು ಕೊಳವೆಯ ಬಾಯಿಂದ ಚೀಲಕ್ಕೆ ಬೀಳುತ್ತದೆ. ನ್ಯಾಮತಿ, ಹೊನ್ನಾಳಿ ಕಡೆಯ ರೈತರೆಲ್ಲ ಈ ಮಿಷನ್ನಿಗೆ ಕಾದು ನಿಲ್ಲುತ್ತಿದ್ದರು. ಅದರ ಒಂದು ಅಳತೆಯೂ ಕಾಗದದ ಮೇಲಿರಲಿಲ್ಲ. ಎಲ್ಲವೂ ಮೇಸ್ತ್ರಿಯ ಕೈಯ ಗೇಣು, ನಾಲ್ಕು ಬೆರಳು, ಮತ್ತು ಇಂಚಿನ ಎಂಟನೇ ಒಂದು ಪಾಲಾದ ನೂಲು. ನ್ಯಾಮತಿಯ ವೆಲ್ಡರನೊಬ್ಬ ಒಂದು ಇಡೀ ದಿನ ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋಗಿ ಇಂಥದ್ದೇ ಒಂದು ಮಾಡಿದ. ಅದು ಹೊಟ್ಟನ್ನು ಚೀಲಕ್ಕೆ ತುಂಬಿ ಕಾಳನ್ನು ಪಕ್ಕದ ಮನೆಯ ಹೆಂಚಿನ ಮೇಲೆ ಎರಚಿತು. ಊರಿನ ಕೋಳಿಗಳೆಲ್ಲ ಆ ವಾರ ಮಾಡು ಹತ್ತಿದ್ದವಂತೆ. ಮೇಸ್ತ್ರಿ ಅವನನ್ನು ಬೈಯಲಿಲ್ಲ. ಪಾಪ, ಟೇಪು ತಂದಿದ್ದ, ಕೈ ತಂದಿರಲಿಲ್ಲ ಎಂದಷ್ಟೇ ಅಂದರು.

ಆಮೇಲೆ ಅವರ ಕಣ್ಣು ಕೆಟ್ಟಿತು. ಸಕ್ಕರೆ ಕಾಯಿಲೆ. ಬಲಗಣ್ಣು ಆಗಲೇ ಹೋಗಿದೆ, ಎಡಗಣ್ಣು ಒಂದೆರಡು ವರ್ಷ ಬಂದರೆ ಹೆಚ್ಚು ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಅದೇ ಹೊತ್ತಿಗೆ ಜಗಳೂರಿನ ಒಂದು ರೈತರ ಸಂಘದಿಂದ ಕೇಳಿಕೆ ಬಂತು: ನಮಗೆ ಮಿಷನ್ನು ಬೇಡ, ಮಿಷನ್ನಿನ ಡ್ರಾಯಿಂಗ್ ಕೊಡಿ, ನಮ್ಮ ಊರಿನ ವೆಲ್ಡರನ ಕೈಯಲ್ಲೇ ಮಾಡಿಸಿಕೊಳ್ಳುತ್ತೇವೆ, ಒಂದು ಹಲ್ಲು ಮುರಿದರೆ ಚನ್ನಗಿರಿಯವರೆಗೆ ಎಳೆದುಕೊಂಡು ಬರಲು ಆಗುವುದಿಲ್ಲ ಎಂದು. ಬೇರೆ ಮೇಸ್ತ್ರಿಯಾಗಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದ. ಇವರು ನನ್ನ ಜಗಲಿಯಲ್ಲಿ ಕೂತು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಕಣ್ಣು ಹೋಗೋದ್ರೊಳಗೆ ಮಿಷನ್ನು ಕಾಗದಕ್ಕೆ ಇಳೀಬೇಕು ಅಕ್ಕಾರೆ. ನಾನು ಇಲ್ದಂಗೂ ಅದು ಹುಟ್ಟಾಕೆ ಬರಬೇಕು."

ಡ್ರಾಯಿಂಗ್ ಮಾಡುತ್ತಿದ್ದವಳು ಶಾಹಿನಾ. ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಮದುವೆಯಾಗಿ, ಎರಡು ಮಕ್ಕಳ ತಾಯಿಯಾಗಿ, ತಾಲ್ಲೂಕು ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದಳು. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಮಧ್ಯೆ ಕಂಪ್ಯೂಟರಿನ ಕ್ಯಾಡ್‌ನಲ್ಲಿ ಮನೆಗಳ ಪ್ಲ್ಯಾನು. ಮೇಸ್ತ್ರಿ ಒಂದೊಂದು ಭಾಗವನ್ನೂ ಅವಳ ಟೇಬಲ್ಲಿಗೆ ಹೊತ್ತು ತಂದು, ಮುಟ್ಟಿ, ಹೆಸರು ಹೇಳಿ, ಅಳತೆ ಕೊಟ್ಟಿದ್ದರು. ಪಹಣಿಗೆ ಬಂದವರು ಗ್ರೀಸ್ ಮೆತ್ತಿಸಿಕೊಂಡು ಹೋಗುತ್ತಿದ್ದರು. ಎಲ್ಲ ಮುಗಿದ ಮೇಲೆ ಅವಳು ಕಂಪ್ಯೂಟರಿಗೆ ಬಲೂನು ಹಾಕಲು ಹೇಳಿದಳು.

ಬಲೂನು ಅಂದರೆ ಇಷ್ಟೆ. ಯಂತ್ರದ ಚಿತ್ರದ ಸುತ್ತ ಸಣ್ಣ ಸಣ್ಣ ವೃತ್ತಗಳು, ಒಳಗೊಂದು ನಂಬರು, ಪ್ರತಿ ವೃತ್ತದಿಂದ ಒಂದು ತೆಳು ಗೆರೆ ಹೊರಟು ಅದರ ಭಾಗವನ್ನು ಮುಟ್ಟುತ್ತದೆ. ಪಕ್ಕದಲ್ಲಿ ಪಟ್ಟಿ: ಒಂದು ಇಂಥದ್ದು, ಎರಡು ಇಂಥದ್ದು. ನಮ್ಮ ಕಾಲದಲ್ಲಿ ವೃತ್ತವನ್ನು ಬೋ-ಪೆನ್ನಿನಲ್ಲಿ ಹಾಕುತ್ತಿದ್ದೆವು, ಉಸಿರು ಹಿಡಿದು. ಕಂಪ್ಯೂಟರ್ ಉಸಿರು ಹಿಡಿಯುವುದಿಲ್ಲ. ಅದು ಕಂಡ ಕಂಡ ಬೋಲ್ಟು, ನಟ್ಟು, ವಾಷರಿಗೆಲ್ಲ ಒಂದೊಂದು ಬಲೂನು ಕೊಟ್ಟು ಇನ್ನೂರಕ್ಕೂ ಮೇಲೆ ಏರಿಸಿತ್ತು. ಮೇಸ್ತ್ರಿ ಆ ಪ್ರಿಂಟನ್ನು ನನ್ನ ಮುಂದೆ ಹಾಸಿದಾಗ ಸೂಳೆಕೆರೆಯ ದಡದಲ್ಲಿ ಕಪ್ಪೆ ಮೊಟ್ಟೆಯಿಟ್ಟ ಹಾಗೆ ಕಂಡಿತು. ಒಳಗೆ ಎಲ್ಲೋ ಮಿಷನ್ನಿತ್ತು.

ನಾನು ಅವರಿಗೆ ಸಬ್-ಅಸೆಂಬ್ಲಿ ಎಂದರೇನು ಎಂದು ಹೇಳಿದೆ. ಒಟ್ಟಿಗೆ ಬೆಸೆದುಕೊಂಡು ಒಂದಾಗಿ ಬಂದು ಕೂರುವ ಭಾಗಗಳ ಗುಂಪಿಗೆ ದೊಡ್ಡ ಚಿತ್ರದಲ್ಲಿ ಒಂದೇ ಬಲೂನು. ಆ ಗುಂಪಿನ ಒಳಗೆ ಯಾರು ಯಾರಿದ್ದಾರೆ ಎಂಬುದಕ್ಕೆ ಅದರದೇ ಬೇರೆ ಹಾಳೆ. ಇದನ್ನು ನಮ್ಮ ಕಚೇರಿಯ ಹೊಸ ಎಂಜಿನಿಯರುಗಳಿಗೆ ತಿಳಿಸಲು ಒಂದು ತಿಂಗಳು ಹಿಡಿಯುತ್ತಿತ್ತು. ಮೇಸ್ತ್ರಿ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಹಿಡಿದರು. ಮದುವೆ ಕಾಗದ ಹಂಚಿದಂಗೆ, ಅಂದರು. ಮನೆಗೊಂದು ಕಾಗದ, ಮೇಲೆ ಹಿರಿಯನ ಹೆಸರು, ಕೆಳಗೆ 'ಮತ್ತು ಮನೆಯವರು'. ಊಟಕ್ಕೆ ಹದಿನೆಂಟು ಜನ ಬರುತ್ತಾರೆ, ಆದರೆ ಹೊಸ್ತಿಲಲ್ಲಿ ಕೊಡುವುದು ಒಂದೇ ಕಾಗದ.

ಹಿಡಿದದ್ದು ಸ್ವಲ್ಪ ಜಾಸ್ತಿಯೇ ಆಯಿತು. ಮಾರನೆಯ ದಿನ ತಂದ ಪ್ರಿಂಟಿನಲ್ಲಿ ಒಂದೇ ಒಂದು ಬಲೂನಿತ್ತು. ನಂಬರ್ ಒಂದು, ಮಿಷನ್ನು. ಎಲ್ಲ ಒಂದೇ ಮನೆ ತಾನೆ ಎಂದು ಅವರ ವಾದ. ಶಾಹಿನಾ ನನಗೆ ಫೋನು ಮಾಡಿ, ಆಂಟಿ, ನೀವೇ ಹೇಳಿ, ನನ್ನ ಹತ್ರ ಆಗಲ್ಲ ಅಂದಳು.

ಅಲ್ಲಿಂದ ಎರಡು ವಾರ ನನ್ನ ಜಗಲಿಯಲ್ಲಿ ಮಿಷನ್ನಿನ ಕುಟುಂಬಗಳ ವಿಂಗಡಣೆ ನಡೆಯಿತು. ಬೆಳಿಗ್ಗೆ ಹತ್ತಕ್ಕೆ ಬಂದರೆ ಊಟದ ಹೊತ್ತಿನವರೆಗೆ ಕೂರುತ್ತಿದ್ದರು. ಡ್ರಮ್ಮಿನ ಮನೆಗೆ ಶಾಫ್ಟು ಯಜಮಾನ. ಹಲ್ಲುಗಳು ಎಲ್ಲ ಅವನ ಮಕ್ಕಳು, ಒಂದೇ ಅಚ್ಚು. ಬೇರಿಂಗು ಅಂಗಡಿಯಿಂದ ತಂದದ್ದು, ಆದ್ದರಿಂದ ಮನೆಅಳಿಯ: "ಇರೋದು ಇಲ್ಲೇ, ಆದ್ರೆ ಸ್ವಲ್ಪ ಎಣ್ಣೆ ಜಾಸ್ತಿ ಕೇಳ್ತಾನೆ." ಬೋಲ್ಟುಗಳು ನೆಂಟರು, ಎಲ್ಲರ ಮನೆಯಲ್ಲೂ ಇರುತ್ತಾರೆ, ಎಲ್ಲಿದ್ದರೂ ನಂಬರು ಒಂದೇ. ಡ್ರಮ್ಮಿನಿಂದ ಫ್ಯಾನಿನ ಪೆಟ್ಟಿಗೆಗೆ ಓಡುವ ಬೆಲ್ಟಿನ ವಿಷಯದಲ್ಲಿ ಮಾತ್ರ ಅವರು ಒಂದು ಇಡೀ ಬೆಳಿಗ್ಗೆ ಯೋಚಿಸಿದರು. ಎರಡೂ ಮನೆಗೆ ಓಡಾಡುತ್ತಾನೆ, ಯಾರ ಮನೆಯಲ್ಲೂ ಊಟ ಮಾಡುವುದಿಲ್ಲ, ಇವನಿಗೆ ಬೇರೆ ನಂಬರೇ ಕೊಡಬೇಕು ಎಂದು ತೀರ್ಮಾನಿಸಿದರು. ಅಷ್ಟು ಹೇಳಿ ಏಕೋ ಅವಸರದಲ್ಲಿ ಜರಡಿಯ ಮನೆಗೆ ದಾಟಿದರು. ನಾನು ಗಮನಿಸಿದೆ, ಆದರೆ ಕೇಳಲಿಲ್ಲ. ಇದ್ದದ್ದನ್ನು ಎಳೆಯುವುದು ಟ್ರೇಸರಿನ ಕೆಲಸ. ಇಲ್ಲದ್ದನ್ನು ಕೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ಗೆರೆಗಳ ವಿಷಯದಲ್ಲಿ ಅವರು ನಮ್ಮ ಹಳೆಯ ಹೆಡ್ ಡ್ರಾಫ್ಟ್ಸ್‌ಮನ್ನಿಗಿಂತ ಸ್ಟ್ರಿಕ್ಟ್. ಗೆರೆ ಭಾಗದ ಮೈಗೆ ತಾಗಲೇಬೇಕು. ಒಂದು ಕೂದಲೆಳೆ ಗ್ಯಾಪ್ ಇದ್ದರೂ ಶಾಹಿನಾಗೆ ಬೆರಳಿಟ್ಟು ತೋರಿಸಿ, "ಇದು ಚಾಡಿ, ಇದು ಚಾಡಿ" ಎಂದು ಸ್ಕ್ರೀನಿನ ಮೇಲೆಲ್ಲ ಗ್ರೀಸಿನ ಚುಕ್ಕೆ ಇಟ್ಟಿದ್ದರು. ಆಮೇಲೆ ಅವಳಿಗೆ ಬಲೂನು ಯಾವುದು, ಮೇಸ್ತ್ರಿಯ ಬೆರಳು ಯಾವುದು ಎಂದು ತಿಳಿಯುತ್ತಿರಲಿಲ್ಲವಂತೆ.

ಕೊನೆಗೆ ಹದಿಮೂರು ಬಲೂನುಗಳ ಒಂದು ಹಾಳೆ ಸಿದ್ಧವಾಯಿತು. ಮೇಲಿನ ಬಾಯಿಗೆ ಒಂದನೇ ನಂಬರು. ಅಲ್ಲಿಂದ ಗಡಿಯಾರದ ಮುಳ್ಳಿನಂತೆ ಎರಡು, ಮೂರು, ನಾಲ್ಕು ಎಂದು ಸುತ್ತಿ ಕಾಳು ಬೀಳುವ ಕೊಳವೆಯ ತನಕ ಎಂಟು. ಮುಂದಿನ ಐದು ಮತ್ತೆ ಒಂದನೇ ನಂಬರಿನ ಇನ್ನೊಂದು ಪಕ್ಕದಿಂದ ಎದುರು ದಿಕ್ಕಿಗೆ ಶುರು. ಇದೇನು ಆರ್ಡರ್ ಎಂದು ನಾನು ಕೇಳಿದೆ. ಮೇಸ್ತ್ರಿ ಆ ಕೊಳವೆಯನ್ನು ಮುಟ್ಟಿ, ಇದು ಗೋಮುಖ, ಇದನ್ನು ದಾಟಬಾರದು ಅಂದರು. ಈಶ್ವರನ ಗುಡಿಯಲ್ಲಿ ಅಭಿಷೇಕದ ನೀರು ಹೊರಬರುವ ಗೋಮುಖವನ್ನು ಯಾರೂ ದಾಟುವುದಿಲ್ಲ, ಅಲ್ಲಿಯ ತನಕ ಹೋಗಿ ತಿರುಗಿ ಬರುತ್ತಾರೆ. ಕಾಳು ಬೀಳುವ ಜಾಗವೂ ಹಾಗೆಯೇ ಅಲ್ಲವೇ ಎಂದು. ಮೂವತ್ತೊಂದು ವರ್ಷದಲ್ಲಿ ಪ್ರದಕ್ಷಿಣೆ ಹಾಕಿದ ಡ್ರಾಯಿಂಗನ್ನು ನಾನು ನೋಡಿರಲಿಲ್ಲ. ತುಂಬಾ ಚಂದ ಕಂಡಿತು. ಹಾಳೆ ಜಗಳೂರಿಗೆ ಹೋಯಿತು.

ಒಂದು ತಿಂಗಳಿಗೆ ಜಗಳೂರಿನ ವೆಲ್ಡರನ ಫೋನು ಬಂತು. ಮೇಸ್ತ್ರಿ ನನ್ನ ಜಗಲಿಯಲ್ಲೇ ಇದ್ದರು, ಸ್ಪೀಕರ್ ಹಾಕಿದರು. ಮನುಷ್ಯ ಬಹಳ ವಿನಯವಂತ.

"ಮಿಷನ್ನು ರೆಡಿ ಆಗೈತ್ರಿ ಮೇಸ್ತ್ರಿ. ಹದಿಮೂರೂ ಕೂರ್ಸೀನಿ. ಬೆಲ್ಟು ಒಂದು ಕಡೆ ಡ್ರಮ್ಮಿಗೆ ಹಾಕೀನಿ, ಇನ್ನೊಂದು ಕಡೆ ಸುಮ್ನೆ ನೇತಾಡ್ತೈತೆ. ಕಾಳು, ಹೊಟ್ಟು ಎರಡೂ ಒಟ್ಟಿಗೇ ಬೀಳ್ತಾವೆ."

ಫ್ಯಾನು ಎಲ್ಲಿ ಎಂದು ನಾನು ಬಾಯಿ ಹಾಕಿದೆ. ಡ್ರಾಯಿಂಗಿನಲ್ಲಿ ಫ್ಯಾನ್ ಅಂತ ಇಲ್ಲವಲ್ಲ ಎಂದ. ಮಿಷನ್ನಿಗೆ ಫ್ಯಾನು ಬೇಕೆಂದು ಅವನಿಗೂ ಗೊತ್ತಿತ್ತು, ಆದರೆ ಮೇಸ್ತ್ರಿ ದೊಡ್ಡವರು, ಏನೋ ಹೊಸದು ಕಂಡುಹಿಡಿದಿದ್ದಾರೆ ಎಂದುಕೊಂಡನಂತೆ. ಕೊಳವೆಯ ಪಕ್ಕ ನಂಬರಿಲ್ಲದ ಒಂದು ಚೌಕವಿತ್ತಲ್ಲ, ಅದನ್ನು ಟೂಲ್ ಬಾಕ್ಸ್ ಎಂದು ತಿಳಿದು ತಗಡಿನಲ್ಲಿ ಒಂದು ಡಬ್ಬ ಮಾಡಿ ಕೂರಿಸಿದ್ದ. "ಊಟದ ಡಬ್ಬಿ ಇಡಾಕೆ ಭಾಳ ಅನುಕೂಲ ಆಗೈತ್ರಿ," ಅಂದ.

ನಾನು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡೆ. ಮೇಸ್ತ್ರಿ ನಗಲಿಲ್ಲ. ನಾನು ಹಾಳೆ ಬಿಡಿಸಿ ನೋಡಿದೆ. ಎಂಟನೇ ನಂಬರು ಗೋಮುಖದ ಈಚೆ ನಿಂತಿತ್ತು. ಹಿಂದಿರುಗಿ ಬಂದ ಹದಿಮೂರನೆಯದು ಆಚೆಯ ಫ್ಯಾನಿನ ಪೆಟ್ಟಿಗೆಗೆ ಒಂದು ಹೆಜ್ಜೆ ಮೊದಲೇ ನಿಂತುಬಿಟ್ಟಿತ್ತು. ಮೇಸ್ತ್ರಿ, ಗೋಮುಖದ ತನಕ ಹೋಗಿ ವಾಪಸ್ ಬಂದಾಯಿತು, ನಿಯಮ ಅಷ್ಟೇ ಎಂದು ಪಟ್ಟು ಹಿಡಿದರು. ನಾನು ಕಾನ್ವೆಂಟಿನವಳು, ನನಗೆ ರೋಸರಿಯ ಮಣಿ ಎಣಿಸುವುದು ಗೊತ್ತೇ ಹೊರತು ಇದರ ಸೂಕ್ಷ್ಮ ಗೊತ್ತಿಲ್ಲ. ಸಂಜೆ ಅಂಗಡಿಗೆ ಹೋದಾಗ ಶಾಹಿನಾ ಕೀಬೋರ್ಡಿನಿಂದ ತಲೆಯೆತ್ತದೆ ಒಂದೇ ಮಾತು ಹೇಳಿದಳು.

"ಮಾಮ, ಈಶ್ವರ ದೇವಸ್ಥಾನದ ಮುಂದೆ ಇಪ್ಪತ್ತು ವರ್ಷ ನಮ್ಮಪ್ಪನ ಹೂವಿನಂಗಡಿ ಇತ್ತು. ನಾನು ನೋಡೀನಲ್ಲ. ವಾಪಸ್ ಬಂದೋರು ಆ ಕಡೆಯಿಂದಾನೂ ಗೋಮುಖದ ತನಕ ಹೋಗ್ತಾರೆ. ನೀವು ನಡುದಾರೀಲಿ ನಿಂತು ಮನೆಗೆ ಬಂದುಬಿಟ್ರಿ."

ಮೇಸ್ತ್ರಿ ಎದ್ದು ಸ್ಕ್ರೀನಿನ ಹತ್ತಿರ ಹೋದರು. ಬೆರಳು ಆ ಚೌಕದ ತನಕ ಹೋಯಿತು, ಆದರೆ ಮುಟ್ಟಲಿಲ್ಲ. ಅವರು ಮುಟ್ಟದೆ ತೋರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಅದು ರುದ್ರನ ಮನೆ ಅಕ್ಕಾರೆ. ನಾನು ಕದ ತೆಗೆಯೋ ಹಂಗಿಲ್ಲ."

ರುದ್ರೇಶ ಅವರ ತಮ್ಮ. ಗೋವಿನಕೋವಿಯಲ್ಲಿ ಹುಟ್ಟಿದ ಇಬ್ಬರೇ ಮಕ್ಕಳು. ಅಣ್ಣ ಡ್ರಮ್ಮು ಮಾಡಿದ, ತಮ್ಮ ಫ್ಯಾನು ಮಾಡಿದ, ಎರಡೂ ಸೇರಿ ಮಿಷನ್ನಾಯಿತು. ಹನ್ನೊಂದು ವರ್ಷದ ಹಿಂದೆ ಊರಿನ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಯಾರೋ, ನಿಮ್ಮ ಮಿಷನ್ನಿನಲ್ಲಿ ಫ್ಯಾನೇ ಫಸ್ಟ್‌ಕ್ಲಾಸ್ ಅಂದರು. ರುದ್ರೇಶ ತಲೆಯಾಡಿಸಿದ. ಜಗಳ ಅಷ್ಟೇ. ತಲೆಯಾಡಿಸಿದ್ದು. ಅಣ್ಣ ಪಾಯಸಕ್ಕೆ ಮೊದಲೇ ಎದ್ದ, ತಮ್ಮ ಆ ತಿಂಗಳೇ ಹೊನ್ನಾಳಿಗೆ ಹೋಗಿ ಬೇರೆ ಶೆಡ್ಡು ಹಾಕಿದ. ಮಾತು ನಿಂತಿತು, ಫ್ಯಾನು ನಿಲ್ಲಲಿಲ್ಲ. ಹೊನ್ನಾಳಿ ಬಸ್ಸಿನ ಟಾಪಿನ ಮೇಲೆ ಮುಚ್ಚಿದ ಪೆಟ್ಟಿಗೆ ಬರುತ್ತಿತ್ತು, ಅಣ್ಣ ಅದನ್ನು ಬಿಚ್ಚದೆ ಮಿಷನ್ನಿಗೆ ಕೂರಿಸುತ್ತಿದ್ದ. ನಾಲ್ಕು ಬೇಕಾದರೆ ಖಾಲಿ ಮರದ ಕ್ರೇಟಿನ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದು ಅದೇ ಬಸ್ಸಿಗೆ ಹಾಕುತ್ತಿದ್ದ. ಹನ್ನೊಂದು ವರ್ಷ ಒಂದು ಬಸ್ಸಿನ ಟಾಪಿನ ಮೇಲೆ ಅಣ್ಣತಮ್ಮಂದಿರು ಸಂಸಾರ ಮಾಡಿದ್ದರು. ನಾಲ್ಕು ಬೋಲ್ಟು ಬಿಚ್ಚಿದರೆ ಒಳಗೇನಿದೆ ಎಂದು ತಿಳಿಯುತ್ತಿತ್ತು. ಅವರು ಬಿಚ್ಚಿರಲಿಲ್ಲ. ಅದು ಪ್ರೈಡ್ ಎಂದು ನಾನು ಮೊದಲು ತಿಳಿದೆ, ಆಮೇಲೆ ಮರ್ಯಾದೆ ಎಂದು ತಿಳಿದೆ. ಎರಡೂ ಇರಬಹುದು.

ಅಂತೂ ವಿಷಯ ಇದು: ಪೆಟ್ಟಿಗೆಯ ಒಳಗಿನ ಹಾಳೆ ಇಲ್ಲದೆ ಜಗಳೂರಿನಲ್ಲಿ ಮಿಷನ್ನು ಹುಟ್ಟುವುದಿಲ್ಲ, ಆ ಹಾಳೆ ತಮ್ಮನ ಕೈಯಲ್ಲಿದೆ, ಮತ್ತು ಅಣ್ಣನ ಎಡಗಣ್ಣು ಆಗಲೇ ಕಾಫಿ ಲೋಟವನ್ನು ಹುಡುಕಲು ಶುರು ಮಾಡಿತ್ತು. ಹೊನ್ನಾಳಿಗೆ ಹೋಗೋಣ ಎಂದೆ. ಬರುವುದಿಲ್ಲ ಎಂದರು. ನೀವು ಬರಬೇಡಿ, ಬಸ್ಸು ಯಾವುದು ಎಂದು ಮಾತ್ರ ನನಗೆ ತೋರಿಸಿ ಎಂದೆ. ಬಸ್ಸನ್ನು ಮುಟ್ಟಿ ತೋರಿಸಿದರು. ಕಂಡಕ್ಟರು ರೈಟ್ ಅಂದ. ಮುಟ್ಟಿದ ಕೈ ಅಲ್ಲೇ ಬಾಗಿಲ ಸರಳು ಹಿಡಿಯಿತು. ನಾನು, ಲ್ಯಾಪ್‌ಟಾಪ್ ಎದೆಗವಚಿಕೊಂಡ ಶಾಹಿನಾ, ಇಬ್ಬರೂ ಕಿಟಕಿಯಾಚೆ ನೋಡುತ್ತ ಏನೂ ಕಾಣದವರ ಹಾಗೆ ಕೂತೆವು.

ರುದ್ರೇಶಪ್ಪನವರು ಅಣ್ಣನ ತದ್ರೂಪು, ಸ್ವಲ್ಪ ಹೊಟ್ಟೆ ಜಾಸ್ತಿ. ನಮಗೆ ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು, ಅಣ್ಣನನ್ನು ಮಾತ್ರ ಒಂದು ಕಂಬದ ಹಾಗೆ ನೋಡಿಕೊಂಡು ಸುತ್ತ ಹಾದುಹೋದರು. ಮಾತೆಲ್ಲ ಶಾಹಿನಾಳ ಮೂಲಕ. ಅವರಿಗೆ ಹೇಳವ್ವ, ಫ್ಯಾನಿಗೆ ನಾಲ್ಕು ರೆಕ್ಕೆ. ಅವರಿಗೆ ಕೇಳವ್ವ, ರೆಕ್ಕೆ ಎಷ್ಟು ಓರೆ. ಅವಳು ಮೂರಡಿ ಅಂತರದಲ್ಲಿ ಕೂತ ಇಬ್ಬರ ನಡುವೆ ಕತ್ತು ತಿರುಗಿಸಿ ತಿರುಗಿಸಿ ಸುಸ್ತಾದಳು. ಯಾರ ಮನೆಯಲ್ಲೂ ಊಟ ಮಾಡದ ಆ ಬೆಲ್ಟಿನ ನೆನಪು ನನಗೆ ಬಂತು.

ರೆಕ್ಕೆಯ ಉದ್ದ ಎಷ್ಟು ಎಂದು ಅವಳು ಕೇಳಿದಾಗ ಒಂದು ಗೇಣು ಎಂದರು ರುದ್ರೇಶಪ್ಪ. ಯಾರ ಗೇಣು ಎಂದಳು. ನನ್ನದು ಎಂದರು. ಅವಳ ಡ್ರಾಯಿಂಗಿನಲ್ಲಿ ಅಷ್ಟರವರೆಗೆ ಗೇಣು ಅಂದರೆ ಹಾಲೇಶಪ್ಪನವರ ಗೇಣು. ಎರಡೂ ಒಂದೇ ಅಲ್ಲದಿದ್ದರೆ ರೆಕ್ಕೆ ಪೆಟ್ಟಿಗೆಗೆ ತಾಗುತ್ತದೆ. ಅವಳಿಗೆ ತಾಳ್ಮೆ ಮುಗಿದಿತ್ತು. ಟೇಪು ತೆಗೆದು, ಇಬ್ಬರೂ ಕೈ ಇಡಿ, ಇಲ್ಲೇ, ಟೇಬಲ್ಲಿನ ಮೇಲೆ, ಎಂದು ಮಕ್ಕಳಿಗೆ ಗದರಿದ ಹಾಗೆ ಗದರಿದಳು.

ತಮ್ಮ ಮೊದಲು ಇಟ್ಟರು, ಬೆರಳು ಅಗಲಿಸಿ. ಅಣ್ಣನಿಗೆ ಟೇಬಲ್ಲಿನ ಅಂಚು ಸರಿಯಾಗಿ ಕಾಣಲಿಲ್ಲ. ಕೈ ತಡಕಾಡುತ್ತ ಬಂತು. ತೋರುಬೆರಳಿನ ತುದಿ ತಮ್ಮನ ಮಣಿಕಟ್ಟಿಗೆ ತಾಗಿ ನಿಂತಿತು. ಏನನ್ನಾದರೂ ಮುಟ್ಟಿದ ಮೇಲೆ ಹೆಸರು ಹೇಳದೆ ಇರುವುದು ಆ ಮನುಷ್ಯನಿಗೆ ಸಾಧ್ಯವೇ ಇರಲಿಲ್ಲ.

"ರುದ್ರ," ಅಂದರು.

ಶಾಹಿನಾ ಟೇಪು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ರುದ್ರೇಶಪ್ಪನವರು ಶೆಡ್ಡಿನ ಮಾಡು ನೋಡಿದರು, ಆಮೇಲೆ ಮೊದಲ ಸಲ ನೇರವಾಗಿ ಅಣ್ಣನ ಕಡೆ ತಿರುಗಿದರು.

"ನಂದು ಒಂದು ನೂಲು ಜಾಸ್ತಿ ಐತೆ."

"ಉಗುರು ಬಿಟ್ಟೀಯ. ಕತ್ತರ್ಸಿ ಅಳತೆ ಕೊಡು."

ಮುಂದಿನ ಅರ್ಧ ಗಂಟೆ ಆ ಒಂದು ನೂಲಿನ ಮೇಲೆ ನಡೆದ ವಾದವನ್ನು ನಾನು ಬರೆಯಲಾರೆ. ಹನ್ನೊಂದು ವರ್ಷದ ಬಾಕಿ ಮಾತೆಲ್ಲ ಅದರಲ್ಲಿತ್ತು: ತಾಯಿಯ ತಿಥಿಗೆ ಯಾರು ಬರಲಿಲ್ಲ, ಯಾವ ಪೆಟ್ಟಿಗೆಯ ಬಣ್ಣ ಮಾಸಿತ್ತು, ಪಾಯಸ ಬಿಟ್ಟು ಎದ್ದವರು ಯಾರು. ಕೊನೆಗೆ ನಿಜವಾಗಿಯೂ ಉಗುರು ಕತ್ತರಿಸಲಾಯಿತು. ಎರಡೂ ಗೇಣು ಒಂದೇ ಬಂದವು. ರುದ್ರೇಶಪ್ಪನವರಿಗೆ ಇದರಿಂದ ಸ್ವಲ್ಪ ನಿರಾಸೆಯಾದ ಹಾಗಿತ್ತು. ಅವರೇ ಸ್ಪ್ಯಾನರು ತಂದು ನಾಲ್ಕು ಬೋಲ್ಟು ಬಿಚ್ಚಿ ಪೆಟ್ಟಿಗೆ ತೆರೆದರು. ಅಣ್ಣ ಕೈ ಒಳಗೆ ಹಾಕಿ ಒಂದೊಂದೇ ರೆಕ್ಕೆಯನ್ನು ಮುಟ್ಟಿ ನೋಡಿದರು. ಹೆಸರು ಹೇಳಲಿಲ್ಲ. ಚೆನ್ನಾಗೈತೆ ಎಂದೂ ಹೇಳಲಿಲ್ಲ. ತಲೆಯಾಡಿಸಿದರು.

ಹೊರಡುವಾಗ ರುದ್ರೇಶಪ್ಪನವರು ಫ್ಯಾನಿನ ನಂಬರು ಯಾವುದು ಎಂದು ಕೇಳಿದರು. ಹದಿನಾಲ್ಕು ಎಂದಾಗ ಮುಖ ಸಪ್ಪಗಾಯಿತು. "ಎಲ್ಲಾರ ಕೊನೆಗಾ?" ಎಂದರು.

"ಕೊನೆ ಅಂದ್ರೆ ಹಿಂದೆ ಅಲ್ಲಪ್ಪ. ಒಂದರಿಂದ ಹೊಂಟೋನು ಹೋಗಿ ಸೇರೋದು ಎಲ್ಲಿಗೆ?" ಎಂದರು ಅಣ್ಣ.

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಸ್ತ್ರಿ ನಿದ್ದೆ ಹೋದರು. ಟಾಪಿನ ಮೇಲೆ ಎರಡು ಫ್ಯಾನು, ಒಳಗೆ ಅವರು.

ಆ ಹಾಳೆಗಳು ಜಗಳೂರಿಗೆ ಹೋದವು. ಈ ಸಲ ವೆಲ್ಡರನ ಮಿಷನ್ನು ಕಾಳನ್ನು ಚೀಲಕ್ಕೂ ಹೊಟ್ಟನ್ನು ಗಾಳಿಗೂ ಕೊಟ್ಟಿತು. ಊಟದ ಡಬ್ಬಿಗೆ ಜಾಗವಿಲ್ಲದ್ದೊಂದೇ ಅವನ ಕಂಪ್ಲೇಂಟು. ಮೇಸ್ತ್ರಿಗೆ ತಿಳಿಯದೆ ರುದ್ರೇಶಪ್ಪನವರು ಅದಕ್ಕೂ ಒಂದು ಡಬ್ಬ ಮಾಡಿ ಕಳಿಸಿದರೆಂದು ಶಾಹಿನಾ ಹೇಳಿದಳು.

ಕೊನೆಯ ಸಲ ಅವರು ನಮ್ಮ ಜಗಲಿಗೆ ಬಂದಾಗ ಎಡಗಣ್ಣಿನಲ್ಲೂ ಬೆಳಕು ನೆರಳು ಬಿಟ್ಟರೆ ಏನೂ ಉಳಿದಿರಲಿಲ್ಲ. ನಾನು ಒಂದು ಸಣ್ಣ ಕೆಲಸ ಮಾಡಿಟ್ಟಿದ್ದೆ. ಹಳೆಯ ಇನ್ಸ್ಟ್ರುಮೆಂಟ್ ಬಾಕ್ಸಿನಿಂದ ಡಿವೈಡರ್ ತೆಗೆದು, ದಪ್ಪ ಕಾಗದದ ಪ್ರಿಂಟನ್ನು ಹಿಂದಿನಿಂದ ಚುಚ್ಚುತ್ತ ಹೋಗಿ ಮಿಷನ್ನಿನ ಹೊರಗೆರೆ, ಬಲೂನು, ಗೆರೆ ಎಲ್ಲವನ್ನೂ ಚುಕ್ಕೆ ಚುಕ್ಕೆಯಾಗಿ ಎಬ್ಬಿಸಿದ್ದೆ. ನನ್ನ ಲಾಸ್ಟ್ ಟ್ರೇಸಿಂಗ್. ಅವರ ಕೈಯನ್ನು ಒಂದನೇ ನಂಬರಿನ ಮೇಲೆ ಇಟ್ಟೆ. ಬೆರಳು ಹೊರಟಿತು. ಎಂಟರ ತನಕ ಹೋಗಿ, ಗೋಮುಖದ ಹತ್ತಿರ ನಿಂತು, ತಿರುಗಿ, ಬಂದ ದಾರಿಯಲ್ಲೇ ಬಂದು, ಇನ್ನೊಂದು ಪಕ್ಕದಿಂದ ಇಳಿದು, ಹದಿಮೂರನ್ನು ದಾಟಿ ಹದಿನಾಲ್ಕಕ್ಕೆ ಬಂತು. ಅಲ್ಲಿ ಹುಬ್ಬು ಗಂಟಿಕ್ಕಿತು.

"ಅಕ್ಕಾರೆ, ಇಲ್ಲಿ ಗೆರೆ ಮುಟ್ಟಿಲ್ಲ."

ನಾನು ಬಗ್ಗಿ ನೋಡಿದೆ. ಪ್ರಿಂಟಿನಲ್ಲಿ ಗೆರೆ ತಾಗಿತ್ತು, ನನ್ನ ಚುಕ್ಕೆಗಳು ಮಾತ್ರ ಒಂದು ಕಡಿಮೆ ಬಿದ್ದಿದ್ದವು. ಹಾಳೆ ಮಗುಚಿ ಒಂದು ತೂತು ಹೆಚ್ಚು ಚುಚ್ಚಿಕೊಟ್ಟೆ. ಬೆರಳು ಮತ್ತೆ ಅಲ್ಲಿಗೆ ಹೋಯಿತು.

"ಈಗ ಮುಟ್ತು," ಅಂದರು. ಕಾಫಿ ಕುಡಿದು ಹೋದರು.

ಅವರು ತೀರಿಹೋಗಿ ಒಂದು ಮಳೆಗಾಲ ಕಳೆಯಿತು. ಜಗಳೂರಿನಲ್ಲಿ ಈ ಸುಗ್ಗಿಗೆ ಮೂರನೇ ಮಿಷನ್ನು ಹುಟ್ಟಿದೆಯಂತೆ, ಅವರಿಲ್ಲದೆ, ಅವರು ಕೇಳಿದ ಹಾಗೆಯೇ. ಚುಕ್ಕೆಯ ಹಾಳೆ ರುದ್ರೇಶಪ್ಪನವರ ಶೆಡ್ಡಿನಲ್ಲಿದೆ. ನನಗೆ ಉಳಿದದ್ದು ಒಂದು ಕೆಟ್ಟ ಚಾಳಿ. ಈ ವಯಸ್ಸಿನಲ್ಲಿ, ಈ ಮಂಡಿನೋವಿನಲ್ಲಿ, ಕಿಟಕಿ ಹಾಕು ಎಂದು ಕೆಲಸದವಳಿಗೆ ಹೇಳಬೇಕಾದರೂ ಎದ್ದು ಹೋಗಿ ಕಿಟಕಿಯನ್ನು ಮುಟ್ಟಿ ಇದು ಅನ್ನುತ್ತೇನೆ. ಅಷ್ಟು ಹೊತ್ತಿಗೆ ನೀವೇ ಹಾಕಬಹುದಿತ್ತಲ್ಲ ಎಂದು ಅವಳು ಗೊಣಗುತ್ತಾಳೆ.

ಹಾಲೇಶಪ್ಪ ಮೇಸ್ತ್ರಿಯವರು ಹೀಗಿದ್ದರು ಎಂದು ನಿಮಗೆ ತೋರಿಸಬೇಕಾದರೆ ನಾನು ಎಲ್ಲಿಗೆ ಎದ್ದು ಹೋಗಿ ಯಾವುದನ್ನು ಮುಟ್ಟಲಿ? ಅವರ ಲೆಕ್ಕದಲ್ಲಿ ನಾನು ಇಷ್ಟು ಹೊತ್ತು ಬರೆದದ್ದೆಲ್ಲ ಚಾಡಿಯೇ.